ಮಗ್ಗ ನಿಂತ ಅರ್ಧ ಗಂಟೆ

"ಅರ್ಧ ಗಂಟೆ ಅತ್ತೆ! ಬರೀ ಅರ್ಧ ಗಂಟೆ!"

ಚೈತ್ರ ಮತ್ತೊಮ್ಮೆ ಕಿರುಚಿದಳು. ಎದುರು ಮನೆಯ ಮುನಿರತ್ನಮ್ಮ ಕಿವಿಯ ಹತ್ತಿರ ಕೈ ಆಡಿಸಿ, ಏನೂ ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡಿದರು. ಕೇಳಿಸದೇ ಏನು? ಹುಟ್ಟಿದ್ದೂ ಬೆಳೆದದ್ದೂ ಮಗ್ಗದ ಸದ್ದಿನಲ್ಲೇ. ಮನೆಯೊಳಗೆ ಆರು ಪವರ್‌ಲೂಮ್‌ಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದರೂ ಪಕ್ಕದ ಮನೆಯಲ್ಲಿ ಸೊಸೆ ಗಂಡನಿಗೆ ಏನೆಂದಳು ಅನ್ನುವುದು ಆಕೆಗೆ ಅಕ್ಷರ ಬಿಡದೆ ಕೇಳಿಸುತ್ತಿತ್ತು. ಕೇಳಿಸದೆ ಹೋಗುತ್ತಿದ್ದದ್ದು ಬೇಡವಾದ ಮಾತು ಮಾತ್ರ.

ಕೊನೆಗೆ ಜಗಲಿಗೆ ಬಂದರು. "ಮಗ್ಗ ಅಂದ್ರೆ ಮಿಕ್ಸಿ ಅಂದ್ಕೊಂಡಿದ್ದೀಯೇನಮ್ಮ, ಬೇಕಾದಾಗ ಹಾಕಿ ಬೇಕಾದಾಗ ಆರ್ಸಕ್ಕೆ? ನಿಲ್ಸಿದ್ ಜಾಗದಲ್ಲಿ ಸೀರೆ ಮೇಲೆ ಗೆರೆ ಬೀಳತ್ತೆ. ಗೆರೆ ಬಿದ್ದ ಸೀರೆ ನೀನು ಉಟ್ಕೋತೀಯಾ?"

"ಕರೆಂಟ್ ಹೋದಾಗ ಬೀಳಲ್ವಾ ಅತ್ತೆ?"

"ಕರೆಂಟ್ ಹೋದ್ರೆ ಕೆಇಬಿಯೋರ್ನ ಬೈಕೋತೀನಿ. ನಿನ್ನ ಬೈಯಕ್ಕಾಗತ್ತಾ?" ಎಂದರು, ಅಷ್ಟು ಹೊತ್ತಿನಿಂದ ಬೈಯುತ್ತಲೇ ಇದ್ದ ಮುನಿರತ್ನಮ್ಮ. "ನಿಮ್ಮಪ್ಪ ಬಂದು ಕೇಳ್ಲಿ. ಮೋರಿ ವಿಷ್ಯದಲ್ಲಿ ಅಷ್ಟುದ್ದ ಮಾತಾಡ್ದೋನಿಗೆ ಈಗ ಬಾಯಿ ಬಿದ್ದೋಯ್ತಾ?"

ಮೋರಿಯ ಜಗಳ ಹಳೆಯದು. ಇವರ ಬಚ್ಚಲ ನೀರು ಅವರ ಮನೆಯ ಮುಂದೆ ಕಟ್ಟಿಕೊಳ್ಳುತ್ತದೆ ಎಂದು ಅವರು, ಅವರ ಕಸ ಅಡ್ಡ ಬಿದ್ದಿರುವುದರಿಂದಲೇ ಕಟ್ಟಿಕೊಳ್ಳುತ್ತದೆ ಎಂದು ಇವರು. ಚೈತ್ರಳಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ತಾನು ಜಪಾನಿಗೆ ಹೋಗುವ ದಾರಿ ದೊಡ್ಡಬಳ್ಳಾಪುರದ ಒಂದು ಮೋರಿಯ ಮೇಲೆ ಹಾದುಹೋಗಬೇಕು ಎಂದು ಯಾವ ಏಜೆನ್ಸಿಯವರೂ ಅವಳಿಗೆ ಹೇಳಿರಲಿಲ್ಲ.

ನರ್ಸಿಂಗ್ ಮುಗಿಸಿ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ದುಡಿಯುತ್ತಿದ್ದ ಹುಡುಗಿ ಅವಳು. ವಾರಕ್ಕೆ ಎರಡು ದಿನ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ ಜಪಾನಿ ಭಾಷೆ ಕಲಿತಿದ್ದಳು. ಹಿನೋಸೆ ಎಂಬ ಒಂದು ಸಣ್ಣ ಊರಿನ ವೃದ್ಧಾಶ್ರಮಕ್ಕೆ ನೋಡಿಕೊಳ್ಳುವವರು ಬೇಕಾಗಿತ್ತು. ಹಿಂದೆ ಹೋದ ಇಬ್ಬರು ಹುಡುಗಿಯರು ಈ ಊರಲ್ಲಿ ಏನೂ ಇಲ್ಲ ಎಂದು ವರ್ಷ ತುಂಬುವುದರೊಳಗೆ ಟೋಕಿಯೋಗೆ ಓಡಿಹೋಗಿದ್ದರಂತೆ. ಅದಕ್ಕೇ ಕ್ಲಾಸಿನ ಮೇಡಂ ಎಚ್ಚರಿಸಿದ್ದರು: "ಇಂಜೆಕ್ಷನ್ ಕೊಡಕ್ಕೆ ಬರತ್ತಾ ಅಂತ ಅವರು ಕೇಳಲ್ಲ. ನಮ್ಮೂರಲ್ಲಿ ಇರ್ತೀಯಾ ಅಂತ ಕೇಳ್ತಾರೆ. ಊರಿನ ಬಗ್ಗೆ ಎಲ್ಲಾ ಕಲ್ತ್ಕೊಂಡು ಬಾ."

ಕಲಿತಿದ್ದಳು. ಹಿನೋಸೆಯ ಪ್ರೇಕ್ಷಣೀಯ ಸ್ಥಳಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಕೋಟೆ ಇತ್ತು, ಸುಟ್ಟುಹೋಯಿತು, ಈಗ ಅದರ ಕಲ್ಲಿನ ತಳಪಾಯ ಇದೆ. ಕಾಗದದ ಛತ್ರಿಗಳ ಮ್ಯೂಸಿಯಂ ಇದೆ. ರೈಲ್ವೆ ಸ್ಟೇಷನ್ನಿನ ಮುಂದೆ ಬಿಸಿನೀರಿನ ಬುಗ್ಗೆಯ ತೊಟ್ಟಿ ಇದೆ. ಪ್ರಯಾಣಿಕರು ಅದರಲ್ಲಿ ಕಾಲಿಟ್ಟುಕೊಂಡು ಕೂರಬಹುದು. ಚಳಿಗಾಲದಲ್ಲಿ ಮನೆಮನೆಯ ಸೂರಿನಲ್ಲಿ ಕಿತ್ತಳೆ ಬಣ್ಣದ ಹಣ್ಣುಗಳನ್ನು ದಾರಕ್ಕೆ ಪೋಣಿಸಿ ಒಣಗಲು ತೂಗುಹಾಕುತ್ತಾರೆ, ಅದನ್ನು ನೋಡಲು ಜನ ಬರುತ್ತಾರೆ.

ಹೋದ ತಿಂಗಳು ಮೊದಲ ಸಲ ಫೋನಿನಲ್ಲಿ ಮುಖಾಮುಖಿ ಮಾತಾಡಿದಾಗ ಇದ್ಯಾವುದನ್ನೂ ಹೇಳಲು ಆಗಿರಲಿಲ್ಲ. ಅಲ್ಲಿಯವರು ಅವಳ ಕಡೆಯ ಸದ್ದು ಕೇಳಿ, "ನಿಮ್ಮಲ್ಲಿ ಬಹಳ ಜೋರು ಮಳೆಯೇ?" ಎಂದು ವಿಚಾರಿಸಿದ್ದರು. ಮಳೆಯಲ್ಲ, ಮಗ್ಗ ಎಂದು ಅವಳು ಕೂಗಿದ್ದು ಅವರಿಗೆ ತಲುಪಲಿಲ್ಲ. ನಿಶ್ಶಬ್ದವಾದ ಇನ್ನೊಂದು ದಿನ ಮಾತಾಡೋಣ ಎಂದು ತಲೆಬಾಗಿ ನಮಸ್ಕರಿಸಿ ಮಾಯವಾಗಿದ್ದರು. ಈಗ ಬುಧವಾರ ಹನ್ನೊಂದಕ್ಕೆ ಎರಡನೆಯ ಅವಕಾಶ, ಕೊನೆಯದೂ ಹೌದು. ಇದೂ ತಪ್ಪಿದರೆ ಹೊಸಕೋಟೆಯ ಸಂಬಂಧಕ್ಕೆ ಒಪ್ಪಿಕೊಳ್ಳಬೇಕು ಎನ್ನುವುದು ಅಪ್ಪನ ಕರಾರು.

ಬೇರೆಲ್ಲಾದರೂ ಹೋಗಿ ಮಾತಾಡಬಾರದಾ ಎಂದು ಬೀದಿಯಲ್ಲಿ ಕೇಳದವರೇ ಇಲ್ಲ. ಆ ಆಶ್ರಮದವರಿಗೆ ಹುಡುಗಿಯ ಮನೆ ನೋಡಬೇಕು, ಮನೆಯವರೊಬ್ಬರು ಎದುರಿಗೆ ಕೂತು ತಮಗೆ ಒಪ್ಪಿಗೆ ಎಂದು ಹೇಳಬೇಕು. ಇದನ್ನು ಒಂದೊಂದು ಬಾಗಿಲಲ್ಲೂ, ಒಂದೊಂದು ಮನೆಯ ಮಗ್ಗದ ಸದ್ದಿನ ಮೇಲೆ, ಗಂಟಲು ಹರಿಯುವ ಹಾಗೆ ವಿವರಿಸಿ ಅವಳಿಗೆ ಸಾಕಾಗಿತ್ತು.

ಎಲ್ಲಕ್ಕಿಂತ ಸಾಕು ಮಾಡಿದ್ದು ತಾತ.

ಬಚ್ಚಪ್ಪ ಕೈಮಗ್ಗದ ಕಾಲದಿಂದ ನೇಯ್ದವರು. ಈಗ ಕೈಲಾಗದಿದ್ದರೂ ಮಗ್ಗದ ಮನೆಯ ಮೂಲೆಯಲ್ಲೇ ಅವರ ಮಂಚ. ಅವರ ಶುಗರ್, ಬಿಪಿ, ಕಾಲಿನ ಬಾವು, ಕಣ್ಣಿನ ಡ್ರಾಪ್ಸು ಎಲ್ಲವೂ ಚೈತ್ರಳ ಪಾಲಿಗೆ. ಕಾಲಿಗೆ ಎಣ್ಣೆ ತಿಕ್ಕುತ್ತಾ ಅವಳು ಹಿನೋಸೆಯ ಪಾಠ ಒಪ್ಪಿಸುತ್ತಿದ್ದರೆ ಅವರು ಒಂದೊಂದನ್ನೂ ಹಿಡಿದು ಕೆಡವುತ್ತಿದ್ದರು.

"ಕೋಟೆ ಸುಟ್ಟೋಗಿ ಬರೀ ಕಲ್ಲೈತಾ? ನಮ್ ಮಾಕಳಿದುರ್ಗದಲ್ಲೂ ಕಲ್ಲೇ ಇರೋದು. ಅದನ್ ನೋಡಕ್ಕೆ ಇಮಾನ ಯಾಕಮ್ಮಿ, ಪ್ಯಾಸೆಂಜರ್ ರೈಲು ಸಾಕು."

"ನೋಡಕ್ಕೆ ಹೋಗ್ತಿಲ್ಲ ತಾತ. ಕೆಲ್ಸಕ್ಕೆ ಹೋಗ್ತಿರೋದು."

"ಬಿಸ್ನೀರಲ್ಲಿ ಕಾಲಿಡಕ್ಕೆ ರೈಲ್ವೆ ಸ್ಟೇಷನ್ನಿಗೆ ಹೋಗ್ತಾರಾ? ಅವ್ರ ಮನೇಲಿ ಒಲೆ ಇಲ್ವಾ? ಅವ್ರ ಮುದುಕ್ರಿಗೆ ಮಕ್ಕಳು ಮರಿ ಇಲ್ವಾ? ಯಾರೋ ಹೆತ್ತೋರ್ನ ನೀನು ತೊಳೀಬೇಕಾ?"

ಮೊದಮೊದಲು ಅವಳು ಉತ್ತರ ಕೊಡುತ್ತಿದ್ದಳು. ಆಮೇಲೆ ಎಣ್ಣೆಯ ಬಟ್ಟಲು ಕುಕ್ಕಿ ಎದ್ದುಹೋಗುತ್ತಿದ್ದಳು. ಅವಳಿಗೆ ಹೋಗಬೇಕಾಗಿತ್ತು. ತಾನು ಕೂಗದೆ ಮಾತಾಡಬಹುದಾದ ಒಂದು ಊರು, ತನ್ನದೇ ಆದ ಒಂದು ಸಣ್ಣ ಕೋಣೆ, ಬಾಗಿಲು ಮುಚ್ಚಿದರೆ ಸುಮ್ಮನಾಗುವ ಜಗತ್ತು. ಈ ಬೀದಿಯಲ್ಲಿ ಹುಟ್ಟಿದವರು ಬಸ್ಸಿನಲ್ಲಿ ಗುಟ್ಟು ಹೇಳಿದರೂ ಡ್ರೈವರಿಗೆ ಕೇಳಿಸುತ್ತದೆ. ಅವಳಿಗೆ ಅದು ನಾಚಿಕೆ.

ಅಂತೂ ಅಪ್ಪ ನಂದಕುಮಾರ್ ಮೋರಿಯ ಅಭಿಮಾನ ಬಿಟ್ಟು ಮುನಿರತ್ನಮ್ಮನ ಬಾಗಿಲಿಗೆ ಹೋಗಿಬಂದ. ಬೀದಿ ಕೊನೆಯ ದೊಡ್ಡ ಶೆಡ್ಡಿನ ಪಿಳ್ಳಪ್ಪನೂ ಒಪ್ಪಿದ. "ಹುಡ್ಗಿಗೆ ಒಳ್ಳೇದಾಗ್ಲಿ ಬಿಡಿ, ನಮ್ ಕೆಲ್ಸಗಾರರೂ ಟೀ ಕುಡೀಲಿ" ಎಂದ. ಒಪ್ಪಿಗೆ ಹೇಳಬೇಕಾದ ಮನೆಯವರು ಎಂದರೆ ಅಪ್ಪ ತಾನೇ? 'ಯೊರೊಶಿಕು ಒನೆಗಾಯ್ಶಿಮಸು' ಎಂಬ ಒಂದು ವಾಕ್ಯವನ್ನು ಅವಳು ಅವನಿಗೆ ಉರು ಹೊಡೆಸಿದಳು. ದಯವಿಟ್ಟು ನೋಡಿಕೊಳ್ಳಿ ಎಂದರ್ಥ. ಅಪ್ಪ ಬಾಬಿನ್ ಹಾಕುತ್ತಾ, ಹಲ್ಲುಜ್ಜುತ್ತಾ ಅದನ್ನೇ ಅಂದುಕೊಂಡು ಓಡಾಡಿದ.

ಬುಧವಾರ ಹನ್ನೊಂದಕ್ಕೆ ಮುಂಚೆ ಮಗ್ಗಗಳು ಒಂದರ ಹಿಂದೆ ಒಂದು ನಿಂತವು. ಎಲ್ಲಕ್ಕಿಂತ ಕೊನೆಗೆ ಮುನಿರತ್ನಮ್ಮನವು, ಬಿಗುಮಾನಕ್ಕೆ. ಬೀದಿಗೆ ಏನೋ ಆದ ಹಾಗಾಯಿತು. ಅಮ್ಮ ವಾಣಿ ಅಡಿಗೆಮನೆಯಲ್ಲಿ ಲೋಟ ಇಟ್ಟದ್ದು ನಡುಮನೆಗೆ ಕೇಳಿಸಿತು. ಚೈತ್ರ ಇಸ್ತ್ರಿ ಮಾಡಿದ ಚೂಡಿದಾರದಲ್ಲಿ, ಅಲ್ಲೇ ಗೋಡೆಗೆ ಕಟ್ಟಿದ ಬಿಳಿ ಬೆಡ್‌ಶೀಟಿನ ಮುಂದೆ ಕೂತಳು. ಫೋನನ್ನು ಎರಡು ಸ್ಟೀಲ್ ಡಬ್ಬಿಗಳ ಮೇಲೆ ನಿಲ್ಲಿಸಿದ್ದಳು.

"ತಾತ, ನೀನು ಮಲಕ್ಕೊಂಡಿರು. ಕೆಮ್ಮಬೇಡ, ಕೂಗಬೇಡ, ಅರ್ಧ ಗಂಟೆ ನೀನಿದ್ದೀಯಾ ಅನ್ನೋದೇ ಗೊತ್ತಾಗ್ಬಾರ್ದು."

"ಆಯ್ತು, ಇಲ್ಲ ಅಂದ್ಕೋ" ಎಂದು ತಾತ ಮುನಿಸಿಕೊಂಡು ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು ಅಂಗಾತ ಮಲಗಿಬಿಟ್ಟರು.

ಇಷ್ಟೆಲ್ಲ ತಯಾರಿ ಮಾಡಿದ ಮನೆಯವರಲ್ಲಿ, ಇಷ್ಟೊಂದು ಬಾಯಿ ಇರುವ ಬೀದಿಯಲ್ಲಿ, ಒಬ್ಬರಿಗಾದರೂ ಒಂದು ವಿಷಯ ಹೊಳೆಯಬಾರದೇ? ಕರೆಂಟು ಹೋದರೆ ಇಡೀ ಪೇಟೆಯ ಮಗ್ಗ ನಿಲ್ಲುತ್ತದೆ. ಕರೆಂಟು ಇದ್ದೂ ಹಾಡುಹಗಲಲ್ಲಿ ಒಂದೇ ಬೀದಿ ನಿಂತರೆ ನೇಕಾರರ ಪೇಟೆಯಲ್ಲಿ ಅದಕ್ಕೆ ಒಂದೇ ಅರ್ಥ. ಆ ಬೀದಿಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಹೆಣ ಎತ್ತುವವರೆಗೆ ಮಗ್ಗ ಓಡಿಸಬಾರದು ಎಂಬುದು ತಲೆತಲಾಂತರದ ಕಟ್ಟು. ಹಿಂದಿನ ಬೀದಿಗೆ ಹೋಗಿ, ಇದು ಸಾವಲ್ಲ, ಇಂಟರ್‌ವ್ಯೂ ಎಂದು ಯಾರೂ ಹೇಳಿರಲಿಲ್ಲ.

ಫೋನಿನಲ್ಲಿ ಇಬ್ಬರು ಕಾಣಿಸಿಕೊಂಡರು. ಒಬ್ಬರು ಆಶ್ರಮದ ನಿರ್ದೇಶಕರು, ಕೋಟು ಹಾಕಿದ ಸಣಕಲು ಮನುಷ್ಯ. ಇನ್ನೊಬ್ಬರು ಅಲ್ಲಿನ ದಾದಿಯರ ಮುಖ್ಯಸ್ಥೆ, ಬಿಳಿಕೂದಲಿನ ಹೆಂಗಸು. ಚೈತ್ರ ನಮಸ್ಕಾರ ಹೇಳಿದ್ದಕ್ಕೆ ನಿರ್ದೇಶಕರು ಬೆಚ್ಚಿಬಿದ್ದು ಕಿವಿಯಿಂದ ಹೆಡ್‌ಫೋನ್ ಕಿತ್ತರು. ಸದ್ದೇ ಇಲ್ಲದ ಮನೆಯಲ್ಲಿ ಅವಳು ಅಭ್ಯಾಸಬಲದಿಂದ ಕೂಗಿದ್ದಳು.

"ಕ್ಷಮಿಸಿ" ಎಂದು ಮತ್ತೆ ಕೂಗಿದಳು.

"ಇರಲಿ" ಎಂದು ಆ ಹೆಂಗಸು ನಕ್ಕರು. "ನಮ್ಮಲ್ಲಿ ಕಿವಿ ಕೇಳದವರೇ ಹೆಚ್ಚು. ಹೇಳಿ, ನಮ್ಮ ಊರಿಗೇ ಏಕೆ ಬರಬೇಕೆಂದಿದ್ದೀರಿ?"

ಚೈತ್ರ ಉಸಿರು ಹಿಡಿದು ಶುರುಮಾಡಿದಳು. ಕೋಟೆಯ ತಳಪಾಯ ಮುಗಿಯಿತು. ಛತ್ರಿಗಳ ಮ್ಯೂಸಿಯಂ ಮುಗಿಯಿತು. ನಿರ್ದೇಶಕರು ತಲೆದೂಗುತ್ತಿದ್ದರು. ರೈಲ್ವೆ ಸ್ಟೇಷನ್ನಿನ ಬಿಸಿನೀರಿಗೆ ಬರುವಷ್ಟರಲ್ಲಿ ಪಕ್ಕದ ಓಣಿಯಿಂದ ಒಂದು ಸ್ವರ ಎದ್ದಿತು.

"ಅಯ್ಯಯ್ಯೋ ನಮ್ಮಣ್ಣಾ... ಹೇಳ್ದೆ ಕೇಳ್ದೆ ಹೊಂಟೋದ್ಯೇನೋ ನಮ್ಮಣ್ಣಾ..."

ಹಿಂದಿನ ಬೀದಿಯ ಸೊಣ್ಣಮ್ಮ. ತಾತನ ಚಿಕ್ಕಪ್ಪನ ಮಗಳು; ಈ ಬೀದಿಯಲ್ಲಿ ಮಂಚ ಹಿಡಿದ ಮುದುಕನೆಂದರೆ ಅವಳ ಈ ಅಣ್ಣನೇ. ಪೇಟೆಯ ಯಾವ ಸಾವಿನಲ್ಲೂ ಮೊದಲ ಸ್ವರ ಅವಳದೇ ಆಗಬೇಕು. ಅವಳು ಬರುವ ಮೊದಲು ಅತ್ತವರನ್ನು ಅವಳು ಕ್ಷಮಿಸಿದ್ದಿಲ್ಲ. ಮುಂಬಾಗಿಲು ಹಾಕಿತ್ತೆಂದು ಓಣಿಯ ಬಾಗಿಲಿನಿಂದ ನೇರ ಮಗ್ಗದ ಮನೆಗೆ ನುಗ್ಗಿದಳು. ನಿಂತ ಮಗ್ಗಗಳು, ಮೂಲೆಯ ಮಂಚದಲ್ಲಿ ಮುಖಕ್ಕೆ ಬಟ್ಟೆ ಹೊದ್ದು ಅಂಗಾತ ಮಲಗಿದ ಅಣ್ಣ. ಇನ್ನೇನು ಸಾಕ್ಷಿ ಬೇಕು? ಮಂಚದ ಕಾಲಿನ ಬಳಿ ಕುಸಿದು ಎದೆ ಬಡಿದುಕೊಂಡಳು. ಅವಳ ಹಿಂದೆಯೇ ಅವಳ ಬೀದಿಯ ಏಳೆಂಟು ಹೆಂಗಸರು. ವಾಣಿ ಅಡಿಗೆಮನೆಯಿಂದ ಓಡಿಬಂದು, "ಶ್... ಅತ್ತೆ, ಶ್..." ಎಂದು ಬಾಯಿಗೆ ಬೆರಳಿಟ್ಟು ಕುಣಿದಳು. ದುಃಖಕ್ಕೆ ತಲೆ ಕೆಟ್ಟಿದೆ ಪಾಪ ಎಂದು ಇಬ್ಬರು ಹೆಂಗಸರು ಅವಳನ್ನು ಹಿಡಿದು ಕೂರಿಸಿದರು. ಎದುರು ಮನೆಯ ಮುನಿರತ್ನಮ್ಮನಿಗೆ ಮಗ್ಗ ನಿಂತದ್ದು ಯಾಕೆಂದು ಗೊತ್ತು, ಆದರೂ ಅಳು ಕೇಳಿ, "ಅಯ್ಯೋ, ಈ ಅರ್ಧ ಗಂಟೇಲೇ ಹೋಗ್ಬಿಟ್ರಾ?" ಎಂದು ಅವರೂ ಓಡಿಬಂದರು.

"ಒಂದು ದಿನಾನೂ ಯಾರ್ನೂ ಗದರ್ದೋನಲ್ವಲ್ಲೋ ನಮ್ಮಣ್ಣಾ..." ಎಂದು ಸೊಣ್ಣಮ್ಮ ಹಾಡಿದಳು. ಟವೆಲ್ಲು ಒಂದಿಷ್ಟು ಅಲುಗಿತು, ಯಾರೂ ಗಮನಿಸಲಿಲ್ಲ. ತಾತನಿಗೆ ತನ್ನ ಬಗ್ಗೆ ಇನ್ನೂ ಏನೇನು ಹೇಳುತ್ತಾಳೆ ಎಂದು ಕೇಳುವ ಆಸೆ ಹುಟ್ಟಿತ್ತು. "ನಂಗೆ ಜರಿ ಸೀರೆ ನೇಯ್ಕೊಡ್ತೀನಿ ಅಂದಿದ್ಯಲ್ಲಾ, ಕೊಡ್ದೇ ಹೋದ್ಯಲ್ಲೋ ನಮ್ಮಣ್ಣಾ..."

ತಾತ ಟವೆಲ್ಲು ಕಿತ್ತೆಸೆದು ಎದ್ದು ಕೂತರು. "ಯಾವಾಗ್ಲೇ ಅಂದಿದ್ದೆ?"

ಆಗ ಎದ್ದ ಕಿರುಚಾಟದಲ್ಲಿ ಚೈತ್ರಳ ಬಿಸಿನೀರಿನ ಬುಗ್ಗೆ ಪೂರ್ತಿ ಮುಳುಗಿಹೋಯಿತು. ಅವಳ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ಸಿಟ್ಟಿಗೆ. ಈ ಜನ, ಈ ಬೀದಿ, ಈ ಬಾಯಿಗಳು! ಒಂದು ಅರ್ಧ ಗಂಟೆ ಬದುಕಲು ಬಿಡುವುದಿಲ್ಲವಲ್ಲ. ಫೋನಿನಲ್ಲಿ ಇಬ್ಬರೂ ಮುಂದಕ್ಕೆ ಬಾಗಿ ನೋಡುತ್ತಿದ್ದರು.

"ಏನಾಯಿತು?" ಎಂದು ಬಿಳಿಕೂದಲಿನ ಹೆಂಗಸು ಕೇಳಿದರು.

ಬಾಯಿಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಗೊತ್ತಿದ್ದ ನಾಲ್ಕು ಮಾತು ಕೂಡಿಸಿ ಹೇಳಿದಳು. "ನಮ್ಮ ಬೀದಿಯಲ್ಲಿ ಬಟ್ಟೆ ನೇಯುತ್ತಾರೆ. ಯಾರಾದರೂ ತೀರಿಕೊಂಡರೆ ಮಾತ್ರ ಯಂತ್ರ ನಿಲ್ಲಿಸುತ್ತಾರೆ. ಈ ದಿನ ನನಗೋಸ್ಕರ ನಿಲ್ಲಿಸಿದರು. ಅದಕ್ಕೆ ನಮ್ಮ ತಾತ ತೀರಿಕೊಂಡರು ಎಂದು ಎಲ್ಲರೂ ಅಳಲು ಬಂದಿದ್ದಾರೆ."

"ತಾತ?"

ತಾತ ನಡುಮನೆಯ ಬಾಗಿಲಲ್ಲೇ ನಿಂತಿದ್ದರು. ಮಲ್ಲಿಗೆ, ಸೇವಂತಿಗೆಯ ದಪ್ಪ ಹಾರ ಕೈಯಲ್ಲಿತ್ತು. ಅಳು ಕೇಳಿದ ತಕ್ಷಣ ಪಿಳ್ಳಪ್ಪ ಗಾಡಿ ಹತ್ತಿ ಹೋಗಿ ತಂದ ಹಾರ. ಬದುಕಿದವನ ಮುಂದೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ಅವನು ನಿಂತಿದ್ದಾಗ ತಾತ ಕಿತ್ತುಕೊಂಡಿದ್ದರು. ಹಾರ ಹಿಡಿದು ಬಂದ ಮುದುಕನನ್ನು ಕಂಡು ನಿರ್ದೇಶಕರು ಅದು ತಮಗೆ ಸ್ವಾಗತವೆಂದುಕೊಂಡು ಎದ್ದು ನಿಂತು ಸೊಂಟ ಬಗ್ಗಿಸಿ ವಂದಿಸಿದರು.

"ಇವ್ರೇನಾ?" ಎಂದು ತಾತ ಚೈತ್ರಳ ಪಕ್ಕದಲ್ಲೇ ಧೊಪ್ಪನೆ ಕೂತರು. ಒಪ್ಪಿಗೆ ಹೇಳಬೇಕಾದ ಅಪ್ಪ ಓಣಿಯ ಬಾಗಿಲಲ್ಲಿ ಇನ್ನೂ ಬರುತ್ತಿದ್ದ ಜನರನ್ನು, "ಏನೂ ಆಗಿಲ್ಲ, ಹೋಗ್ರಪ್ಪಾ, ಏನೂ ಆಗಿಲ್ಲ" ಎಂದು ತಡೆಯುತ್ತಿದ್ದ. ಅವರು ಹೋಗಲಿಲ್ಲ. ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿ ಹಿಂದಿನ ಬೀದಿಯ ಮಗ್ಗಗಳೂ ನಿಂತಿದ್ದವು, ಅದರ ಆಚೆಯವೂ.

ಬಿಳಿಕೂದಲಿನ ಹೆಂಗಸು ತಾತನನ್ನೇ ನೋಡುತ್ತಾ ಕೇಳಿದರು. "ಈ ಹುಡುಗಿ ಇಲ್ಲಿಗೆ ಬಂದರೆ ನಿಮ್ಮನ್ನು ನೋಡಿಕೊಳ್ಳುವವರು ಯಾರು?"

ಚೈತ್ರ ಪ್ರಶ್ನೆಯನ್ನೇ ಬದಲಿಸಿ ಹೇಳಿಬಿಡಬಹುದಾಗಿತ್ತು. ತಾತನಿಗೆ ಏನು ತಿಳಿಯುತ್ತದೆ? ಆದರೆ ಅವರು ಅವಳ ಮುಖವನ್ನೇ ನೋಡುತ್ತಿದ್ದರು. ಇದ್ದದ್ದನ್ನು ಇದ್ದಹಾಗೆ ಕನ್ನಡದಲ್ಲಿ ಹೇಳಿದಳು.

"ನೋಡ್ಕೊಳೋರಾ?" ತಾತ ಹಾರ ಹಿಡಿದ ಕೈಯನ್ನೇ ಬಾಗಿಲ ಕಡೆ ಚಾಚಿದರು. ಬಾಗಿಲ ತುಂಬ ತಲೆಗಳು. ಸೊಣ್ಣಮ್ಮ ಮೂಗೊರೆಸಿಕೊಳ್ಳುತ್ತಿದ್ದಳು. "ಇವ್ರು ನೆಮ್ದಿಯಾಗಿ ಸಾಯಕ್ಕೂ ಬಿಡಲ್ಲ ಅಂತ ಹೇಳು. ಆಮೇಲೆ ಕೇಳು ಅವ್ರನ್ನ, ಆ ಊರಲ್ಲಿ ಯಾರಾದ್ರೂ ಸತ್ರೆ ಜನಕ್ಕೆ ಹೆಂಗ್ ಗೊತ್ತಾಗತ್ತೆ? ಅಲ್ಲಿ ಏನು ನಿಲ್ಲಿಸ್ತಾರೆ?"

"ತಾತಾ..."

"ಕೇಳಮ್ಮಿ."

ಕೇಳಿದಳು. ನಿರ್ದೇಶಕರು ಮೇಜಿನ ಮೇಲಿದ್ದ ಪೆನ್ನನ್ನು ಸರಿಯಾಗಿ ಜೋಡಿಸಿದರು. ಆ ಹೆಂಗಸು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಆಮೇಲೆ ನಿಧಾನವಾಗಿ, ಚೈತ್ರಳಿಗೆ ಒಂದು ಪದವೂ ತಪ್ಪದ ಹಾಗೆ ಬಿಡಿಸಿ ಹೇಳಿದರು. "ಕೆಲವು ಸಲ ಗೊತ್ತೇ ಆಗುವುದಿಲ್ಲ. ಬಾಗಿಲಲ್ಲಿ ಪೇಪರುಗಳು ರಾಶಿ ಬಿದ್ದ ಮೇಲೆ ಗೊತ್ತಾಗುತ್ತದೆ. ನಮ್ಮ ಅಕ್ಕ ಹಾಗೆಯೇ ಹೋದಳು. ಅದಾದ ಮೇಲೆ ನಾನು ಈ ಕೆಲಸಕ್ಕೆ ಸೇರಿದೆ."

ಚೈತ್ರ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ಬಾಗಿಲಲ್ಲಿದ್ದವರಲ್ಲಿ ಯಾರೋ ಲೊಚಗುಟ್ಟಿದರು. ಸೊಣ್ಣಮ್ಮ ಸೆರಗು ಬಾಯಿಗೆ ಹಿಡಿದುಕೊಂಡು, ಕಂಡರಿಯದ ಆ ಅಕ್ಕನಿಗಾಗಿ ಮತ್ತೆ ಅಳಲು ಶುರುಮಾಡಿದಳು, ಈ ಸಲ ಸಣ್ಣಗೆ.

ತಾತ ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದು ಹೂವನ್ನೂ ಮುಟ್ಟುತ್ತಾ ಕೂತಿದ್ದರು. "ಲೇ ನಂದಾ" ಎಂದು ಮಗನನ್ನು ಕೂಗಿದರು. "ಅದೇನೋ ಕಲ್ತಿದ್ಯಲ್ಲಾ, ಬಂದು ಹೇಳ್ಬಾರೋ ಇವ್ರಿಗೆ."

ಅಪ್ಪ ಜನರನ್ನು ಸರಿಸಿಕೊಂಡು ಬಂದ. ಬೆವೆತಿದ್ದ. ತಂದೆಯನ್ನೊಮ್ಮೆ, ಫೋನನ್ನೊಮ್ಮೆ ನೋಡಿ, ಕೈಮುಗಿದು, ಇಡೀ ಪೇಟೆಗೆ ಕೇಳಿಸುವ ಹಾಗೆ, "ಯೊರೊಶಿಕು ಒನೆಗಾಯ್ಶಿಮಸು" ಎಂದ. ನಿರ್ದೇಶಕರು ಈ ಸಲ ಹೆಡ್‌ಫೋನ್ ತೆಗೆಯಲಿಲ್ಲ.

"ಏಪ್ರಿಲ್‌ನಲ್ಲಿ ಇಲ್ಲಿ ಇನ್ನೂ ಚಳಿ ಇರುತ್ತದೆ" ಎಂದರು ಆ ಹೆಂಗಸು. "ದಪ್ಪನೆಯ ಸ್ವೆಟರ್ ತೆಗೆದುಕೊಂಡು ಬನ್ನಿ."

ಫೋನು ಆರಿತು. ಏನಂದ್ರು, ಏನಂದ್ರು ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಸ್ವೆಟರ್ ತರಬೇಕಂತೆ ಎಂದಳು ಚೈತ್ರ. ವಾಣಿ ಗೋಡೆಯ ಬೆಡ್‌ಶೀಟನ್ನು ಬಿಚ್ಚಿ ಮಡಿಸತೊಡಗಿದಳು, ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದಳು. ಪಿಳ್ಳಪ್ಪ ಬಾಗಿಲಿಂದಲೇ ಕೂಗಿದ. "ಎಲ್ಲಾ ಮುಗೀತಲ್ಲ ಬಚ್ಚಣ್ಣಾ, ಇನ್ನು ಮಗ್ಗ ಓಡ್ಸೋದಾ?"

"ಇರ್ರೋ" ಎಂದರು ತಾತ. "ಇನ್ನೊಂದ್ ಸ್ವಲ್ಪ ಹೊತ್ತು ಇರ್ಲಿ."

"ಯಾಕೆ?"

"ನಾನು ನಿಜ್ವಾಗ್ಲೂ ಹೋದ್ ದಿವ್ಸ ಇದು ನಂಗೆ ಕೇಳ್ಸಲ್ವಲ್ಲಪ್ಪಾ. ಈಗ್ಲೇ ಕೇಳ್ಕೋತೀನಿ."

ಮುನಿರತ್ನಮ್ಮನ ಅರ್ಧ ಗಂಟೆ ಆಗಲೇ ಕಳೆದಿತ್ತು; ಆದರೂ ಆಕೆ ಹೊಸಿಲ ಪಕ್ಕದಲ್ಲಿ ಕೂತರು. ಚೈತ್ರ ಡಬ್ಬಿಗಳನ್ನು ಎತ್ತಿಕೊಂಡು ಎದ್ದಳು.

"ಕೂತ್ಕೋಳೇ ನೀನೂ" ಎಂದರು ತಾತ, ಅವಳತ್ತ ನೋಡದೆ. "ನಿಂಗೂ ಕೇಳ್ಸಲ್ಲ ಆವಾಗ."

ಅವಳು ಡಬ್ಬಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅಲ್ಲೇ ಕೂತಳು. ಈ ಮನೆಯಲ್ಲಿ ಹಗಲಿನವರು ಬಿಟ್ಟ ಮಗ್ಗವನ್ನು ರಾತ್ರಿ ಪಾಳಿಯವರು ಹಿಡಿಯುತ್ತಿದ್ದರು. ಹಬ್ಬಕ್ಕೆ ಮಗ್ಗ ನಿಂತರೆ ಮೈಕು ಶುರುವಾಗುತ್ತಿತ್ತು, ಕರೆಂಟು ಹೋದರೆ ಬೀದಿಯ ಬಾಯಿಗಳು. ಈಗ ಎಲ್ಲೋ ದೂರದಲ್ಲಿ ಒಂದು ಬಸ್ಸು ತಿರುವಿನಲ್ಲಿ ಹಾರನ್ ಮಾಡಿತು. ಹಿತ್ತಲ ನಲ್ಲಿಯಿಂದ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಅದರ ನಡುವೆ, ತೀರ ಹತ್ತಿರದಲ್ಲಿ, ಒಣಗಿದ ಎಲೆಯ ಮೇಲೆ ಯಾರೋ ನಿಧಾನವಾಗಿ ಕಾಲಿಡುತ್ತಿರುವಂಥ ಒಂದು ಸದ್ದು. ಏನದು ಎಂದು ಅವಳು ಸುತ್ತ ನೋಡಿದಳು. ತಾತ ಕಣ್ಣು ಮುಚ್ಚಿದ್ದರು. ಅವರು ಉಸಿರೆಳೆದುಕೊಂಡಾಗ ಅದು ಬರುತ್ತಿತ್ತು, ಬಿಟ್ಟಾಗ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.